ಒಂಬತ್ತನೇ ನಂಬ್ರದ ವಾಚು

ಕಾಲೇಜಿನವರು ಕೊಟ್ಟದ್ದು ಹನ್ನೆರಡು ವಾಚು.
ಕುತ್ತಾರು ಪದವಿನ ಹನ್ನೆರಡು ಹೆಂಗಸರಿಗೆ
ಕಟ್ಟಿ, ಏಳು ದಿನ ಬಿಟ್ಟು ಬಿಚ್ಚಿ ತರುವುದು ನನ್ನ ಕೆಲಸ.
ನಿದ್ದೆಯಲ್ಲೂ ತೆಗೆಯಬಾರದು ಅಂತ ಹೇಳಬೇಕು,
ಎರಡು ಕಡೆ ಸಹಿ ಹಾಕಿಸಬೇಕು.

ಒಂಬತ್ತನೆಯದು ಬೇಬಿಯಕ್ಕನ ಎಡಗೈಗೆ.
ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು,
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಹೊಗೆಸೊಪ್ಪಿನ ಪುಡಿ,
ಪಕ್ಕದಲ್ಲಿ ಒದ್ದೆ ಗೋಣಿ ಸುತ್ತಿದ ಎಲೆ.
"ಇದು ಬೀಡಿ ಲೆಕ್ಕ ಮಾಡ್ತದಾ?"
ಇಲ್ಲ ಅಕ್ಕ, ಹೆಜ್ಜೆ.
"ಹೆಜ್ಜೆ ಯಾರಿಗೆ ಬೇಕು ಮಾರಾಯ್ತಿ!
ನಾನು ಸಾವಿರ ಕೊಟ್ರೆ ಬ್ರಾಂಚಿನವ
ಒಂಬೈನೂರ ಐವತ್ತು ಬರೀತಾನೆ.
ಅದಕ್ಕೊಂದು ವಾಚು ಉಂಟಾದ್ರೆ ತಾ."

ವಾರ ಕಳೆದು ಕಂಪ್ಯೂಟರಿಗೆ ಸಿಕ್ಕಿಸಿದೆ.
ಮೀನು ಹೊರುವ ಲಿಲ್ಲಿಬಾಯಿ: ಒಂಬತ್ತು ಸಾವಿರ.
ಅಂಗನವಾಡಿಯ ಝುಲೈಖಾ: ಆರು.
ಜಗಲಿ ಬಿಟ್ಟೇಳದ ಬೇಬಿಯಕ್ಕ
ದಿನಕ್ಕೆ ಹದಿನಾರು ಸಾವಿರ.

ಮನೆಯಿಂದ ಬ್ರಾಂಚಿಗೆ ಹೆಚ್ಚೆಂದರೆ ಇನ್ನೂರು ಮಾರು.
ಆಮೇಲೆ ಹೊಳೆಯಿತು,
ಪಾಪದ ವಾಚು ಮಣಿಕಟ್ಟನ್ನೇ ಕಾಲು ಅಂದುಕೊಂಡಿದೆ.
ಎಲೆ ಹೊರಳಿದರೆ ಒಂದು,
ತುದಿ ಮಡಚಿದರೆ ಒಂದು, ನೂಲು ಸುತ್ತಿದರೆ ಮತ್ತೆರಡು.
ಈ ಲೆಕ್ಕ ಹಿಡಿದರೆ ಭಾನುವಾರ ಹೊರಟವಳು
ಗುರುವಾರ ಸಂಜೆಗೆ ಕಾಸರಗೋಡು ಮುಟ್ಟಿದ್ದಾಳೆ,
ಜೋಮು ಹಿಡಿದ ಎರಡು ಕಾಲುಗಳನ್ನು
ಜಗಲಿಯಲ್ಲೇ ಬಿಟ್ಟು.

ಇನ್ನೊಂದು ಕಂಡಿತು. ಬುಧವಾರ ನಡುರಾತ್ರಿ,
ಎರಡೂ ನಲವತ್ತಕ್ಕೆ ಇನ್ನೂರು ಹೆಜ್ಜೆ.
ನನಗೆ ಗಂಟಲು ಕಟ್ಟಿತು. ನಿದ್ದೆಯಲ್ಲೂ ಸುತ್ತುವ ಕೈ!
ಮರುದಿನ ಹೋಗಿ ಹೇಳಿಯೇಬಿಟ್ಟೆ, ಸ್ವರ ತಗ್ಗಿಸಿ.
ಅವಳು ನಕ್ಕ ನಗೆಗೆ ಪುಡಿ ಹಾರಿ ನಾನು ಸೀನಿದೆ.
"ಥೋ, ಅದು ಸೊಳ್ಳೆ ಹೊಡೆದದ್ದು!
ಬಾವಿಕಟ್ಟೆಯ ಹತ್ರ ನೀರು ನಿಂತಿದೆ,
ನಿಮ್ಮ ಡಾಕ್ಟ್ರಿಗೆ ಅದನ್ನು ಬರೀಲಿಕ್ಕೆ ಹೇಳು."

ನಾಚಿಕೆಯಾಗಿ, ಮಾತು ತಪ್ಪಿಸಲು ಕೇಳಿದೆ:
ಅಕ್ಕ, ದಿನಾ ನಾಲ್ಕಕ್ಕೆ, ಭಾನುವಾರ ಬಿಟ್ಟು,
ನಾಡಿ ನೂರಾ ಹದಿನೆಂಟಕ್ಕೆ ಹತ್ತಿದೆ.
ಹೆಜ್ಜೆ ಒಂದೂ ಇಲ್ಲ. ಎಂತ ಅದು?

ಕತ್ತರಿ ನಿಂತಿತು.
ಅಳತೆಯ ತಗಡನ್ನು ಎಲೆಯ ಮೇಲಿಟ್ಟು,
ತೆಗೆದು, ಮತ್ತೆ ಇಟ್ಟಳು.
"ಆ ಹೊತ್ತು ಚೆಕ್ಕಿಂಗ್ ಅಲ್ವಾ.
ಅವ ಕಟ್ಟು ಬಿಚ್ಚುದು, ಮೂಗಿನ ಹತ್ರ ಹಿಡಿದು ನೋಡುದು,
ಬೇಡಾದದ್ದನ್ನು ಮುರಿದು ಬಿಸಾಡುದು.
ನಾವು ಕಿಟಕಿಯ ಈಚೆ ಸುಮ್ಮನೆ ನಿಲ್ಲುದು."
ಸ್ವಲ್ಪ ಹೊತ್ತು ಬಿಟ್ಟು:
"ಮೂವತ್ತೆಂಟು ವರ್ಷ ಆಯ್ತು.
ಅಭ್ಯಾಸ ಆಗಿದೆ ಅಂತ ಎಣಿಸಿದ್ದೆ."

ಆಫೀಸಿನಲ್ಲಿ ಡಾಕ್ಟರು ಹದಿನಾರು ಸಾವಿರಕ್ಕೆ ಗೆರೆ ಎಳೆದರು.
ಕೂತವರು ನಡೆಯುವುದುಂಟಾ, ಮಿಷನ್ ತಪ್ಪು,
ಒಂಬತ್ತನ್ನು ಪೂರ್ತಿ ತೆಗೆ.
ತೆಗೆದೆ. ಸಂಬಳ ಕೊಡುವವರು ಅವರು.
ಹೆಜ್ಜೆಯ ಜೊತೆಗೆ ಸೊಳ್ಳೆಯೂ ಹೋಯಿತು,
ನಾಲ್ಕು ಗಂಟೆಯ ನಾಡಿಯೂ.

ಪಟ್ಟಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಉಜ್ಜಿದೆ.
ಬಕಲ್ಲಿನ ಸಂದಿಯ ಕಂದು ಪುಡಿ ಪಿನ್ನಿಗೂ ಜಗ್ಗಲಿಲ್ಲ.
ಮುಂದಿನ ವಾರ ಬಿಜೈಯ ಫ್ಲ್ಯಾಟುಗಳು.
ಏಳನೇ ಮಾಳಿಗೆಯ ಮೇಡಂ ಮೂಸಿ ನೋಡಿ
ಎಂತದೋ ವಾಸನೆ, ಬೇರೆ ಕೊಡಿ ಅಂದರು.
ಕೊಟ್ಟೆ. ಇದನ್ನು ನಾನೇ ಕಟ್ಟಿಕೊಂಡೆ.

ನಾಲ್ಕು ಗಂಟೆಗೆ ಸಿಟಿ ಬಸ್ಸಿನಲ್ಲಿದ್ದೆ,
ಪಂಪ್‌ವೆಲ್ ದಾಟಿತ್ತು, ಕಂಡಕ್ಟರ್ ಚಿಲ್ಲರೆ ಕೇಳುತ್ತಿದ್ದ.
ಕೈ ತಿರುಗಿಸಿ ನೋಡಿದೆ:
ಎಪ್ಪತ್ತೆರಡು.